ಪೋರ್ಷೆ ಕೇಮನ್ ತಗೊಳ್ಳಲಾ, ಲೆಕ್ಸಸ್ ಎಲ್‌ಸಿ 500 ತಗೊಳ್ಳಲಾ?

ಮೂಡಿಗೆರೆ_ಜೀಪು · ಶನಿವಾರ ಬೆಳಗ್ಗೆ 7:40

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇದ್ದೇನೆ, ವಯಸ್ಸು 47. ಮಗಳು ಈ ವರ್ಷ ಕಾಲೇಜಿಗೆ ಹೋದಳು. ಅವಳ ಓದಿನ ದುಡ್ಡು ಬೇರೆಯೇ ಎತ್ತಿಟ್ಟಿದ್ದೇವೆ. ಹದಿನೈದು ವರ್ಷದಿಂದ ಮನಸ್ಸಲ್ಲೇ ಇಟ್ಟುಕೊಂಡಿದ್ದ ಕಾರಿನ ಆಸೆಗೆ ಈಗ ಕಾಲ ಕೂಡಿ ಬಂದಿದೆ. ಮನೆಯಲ್ಲಿ ಟೊಯೋಟಾ ಎಸ್‌ಯುವಿ ಒಂದಿದೆ, ಅದನ್ನು ಮಾರಲ್ಲ. ಎರಡನೇ ಕಾರು ಬೇಕು. ಹೊಸದೇ ಆಗಬೇಕಿಲ್ಲ. ತೆರಿಗೆ, ರಿಜಿಸ್ಟ್ರೇಷನ್ ಎಲ್ಲ ಸೇರಿ 65 ಸಾವಿರ ಡಾಲರ್ ದಾಟಬಾರದು.

ಎರಡರ ಮೇಲೆ ಕಣ್ಣಿದೆ. ಒಂದು 2018ರ 718 ಕೇಮನ್ ಎಸ್, ಆರು ಗೇರಿನ ಮ್ಯಾನುಯಲ್, ಎರಡೇ ಸೀಟು. ಇನ್ನೊಂದು ಅದೇ ವರ್ಷದ ಎಲ್‌ಸಿ 500, ಎಂಟು ಸಿಲಿಂಡರಿನ, ಎರಡು ಬಾಗಿಲಿನ ದೊಡ್ಡ ಕೂಪೆ.

ಸ್ಪೋರ್ಟ್ಸ್ ಕಾರೇ ಯಾಕೆ ಅಂತ ಹೇಳಿಬಿಡ್ತೇನೆ. ನಮ್ಮಪ್ಪ ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದ ಜೀಪು ಓಡಿಸುತ್ತಿದ್ದರು. ವಾರಕ್ಕೊಂದು ಸಲ ಚಾರ್ಮಾಡಿ ಇಳಿದು ಉಜಿರೆಗೆ ಹೋಗಬೇಕಿತ್ತು. ರಜೆ ಇದ್ದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಶುರು. ತಿರುವು ಬರೋ ಮುಂಚೆಯೇ ಗೇರು ಇಳಿಸುವುದು, ತಿರುವಿನಲ್ಲಿ ಕೈ ಅಲ್ಲಾಡಿಸದೆ ಹಿಡಿಯುವುದು, ಕಣ್ಣು ಮಾತ್ರ ತಿರುವಿನ ಆ ಕಡೆ ಇರುವುದು. ಇಷ್ಟನ್ನು ಅವರು ಹೇಳಿಕೊಡಲಿಲ್ಲ, ನಾನು ಪಕ್ಕದಲ್ಲಿ ಕೂತು ನೋಡಿದೆ. ಇಲ್ಲಿ ಸ್ಯಾರಟೋಗಾದಿಂದ ಹೈವೇ 9 ಹತ್ತಿ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆ ಕಡೆ ಹೋದಾಗಲೆಲ್ಲ ಆ ಜೀಪೇ ನೆನಪಾಗುತ್ತದೆ.

ಆದರೆ ಸೊಂಟ ನೋವು ಇದೆ, ಮೂರು ವರ್ಷ ಆಯ್ತು. ಏಪ್ರಿಲ್‌ನಲ್ಲಿ ಅಮ್ಮ ಆರು ತಿಂಗಳಿಗೆ ಬರುತ್ತಿದ್ದಾರೆ. 74 ವಯಸ್ಸು, ಒಂದು ಮಂಡಿ ಆಪರೇಷನ್ ಆಗಿದೆ. ಹೆಂಡತಿಗೆ ಗಡಗಡ ಅನ್ನೋ ಕಾರು ಕಟ್ಟಿಹಾಕಿ ಬೇಜಾರು ಮಾಡಲು ಇಷ್ಟ ಇಲ್ಲ. ಹಾಗಾಗಿ ಬುದ್ಧಿ ಲೆಕ್ಸಸ್ ಕಡೆ, ಮನಸ್ಸು ಪೋರ್ಷೆ ಕಡೆ. ಎರಡನ್ನೂ ಬಲ್ಲವರು ಹೇಳಿ.

ಫ್ರೀಮಾಂಟ್_ಮಂಡ್ಯ · ಶನಿವಾರ ಬೆಳಗ್ಗೆ 9:15

ಮೂರು ವರ್ಷದಿಂದ ಎಲ್‌ಸಿ 500 ಓಡಿಸುತ್ತಿದ್ದೇನೆ ಸರ್. ಅದರ ಎಂಜಿನ್ ಬಗ್ಗೆ ಮೊದಲು ಹೇಳುತ್ತೇನೆ. 5 ಲೀಟರ್, ಟರ್ಬೋ ಇಲ್ಲ, 471 ಕುದುರೆ ಶಕ್ತಿ, ಅದೂ 7,100 ಆರ್‌ಪಿಎಂನಲ್ಲಿ ಸಿಗೋದು. ಇದೇ ಜಾತಿಯ ಎಂಜಿನ್ನನ್ನು ಲೆಕ್ಸಸ್‌ನವರು ಐಎಸ್ ಎಫ್ ಅನ್ನೋ ತಮ್ಮ ಹಳೆಯ ಕಾರಿನ ಕಾಲದಿಂದ ಹಾಕುತ್ತಾ ಬಂದಿದ್ದಾರೆ. ಹಳೆಯದು, ಪಳಗಿದ್ದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಗುಡುಗಿ ಆಮೇಲೆ ತಣ್ಣಗಾಗುತ್ತದೆ. ಹೈವೇ 880ರ ಟ್ರಾಫಿಕ್‌ನಲ್ಲಿ ಒಂದು ಗಂಟೆ ಕೂತರೂ ಸಿಟ್ಟು ಬರಲ್ಲ. ಸೀಟು, ಚರ್ಮದ ಹೊಲಿಗೆ, ಬಾಗಿಲ ಒಳಗಿನ ಬಟ್ಟೆ, ಇವನ್ನೆಲ್ಲ ಕೈಯಿಂದ ಮುಟ್ಟಿ ನೋಡಿ. ಈ ಬೆಲೆಗೆ ಬೇರೆ ಎಲ್ಲೂ ಸಿಗಲ್ಲ.

ಈಗ ಕಷ್ಟ. ಹಿಂದೆ ಎರಡು ಸೀಟು ಇದೆ ಅಂತ ನಂಬಿ ತಗೋಬೇಡಿ. ನನ್ನ ಒಂಬತ್ತು ವರ್ಷದ ಮಗನ ಮಂಡಿ ಮುಂದಿನ ಸೀಟಿಗೆ ತಾಗುತ್ತದೆ. ಡಿಕ್ಕಿ 5.4 ಘನ ಅಡಿ ಅಷ್ಟೇ, ಅಂದರೆ ಸುಮಾರು 150 ಲೀಟರ್. ವಿಮಾನದೊಳಗೆ ಒಯ್ಯುವ ಸಣ್ಣ ಸೂಟ್‌ಕೇಸ್ ಒಂದು, ಪಕ್ಕದಲ್ಲಿ ಒಂದು ಬ್ಯಾಗು, ಮುಗೀತು. 2018ರ ಕಾರಿನಲ್ಲಿ ಸ್ಕ್ರೀನಿಗೆ ಟಚ್ ಇಲ್ಲ. ಗೇರಿನ ಪಕ್ಕದ ಟಚ್‌ಪ್ಯಾಡ್ ಮೇಲೆ ಬೆರಳಾಡಿಸಬೇಕು. ಓಡಿಸುತ್ತಾ ಅದನ್ನು ಬಳಸುವುದು ನನಗೆ ಇವತ್ತಿಗೂ ಅಭ್ಯಾಸ ಆಗಿಲ್ಲ. ಐಫೋನನ್ನು ಸ್ಕ್ರೀನಿಗೆ ಜೋಡಿಸೋ ಕಾರ್‌ಪ್ಲೇ ಬಂದದ್ದು 2020ರ ಮಾಡೆಲ್‌ನಿಂದ.

ತಗೊಂಡರೆ 20 ಇಂಚಿನ ಚಕ್ರದ್ದೇ ನೋಡಿ. 21 ಇಂಚಿಂದು ನೋಡಲು ಚಂದ, ಆದರೆ ಪಂಕ್ಚರ್ ಆದರೂ ಓಡೋ ರನ್‌ಫ್ಲಾಟ್ ಟೈರು ಮೊದಲೇ ಗಟ್ಟಿ, ಗುಂಡಿ ಸಿಕ್ಕರೆ ಸೊಂಟಕ್ಕೆ ನೇರವಾಗಿ ಬರುತ್ತದೆ.

ಸ್ಟುಟ್‌ಗಾರ್ಟ್_ಬಸವನಗುಡಿ · ಶನಿವಾರ ಬೆಳಗ್ಗೆ 10:02

ನಾನು ಜರ್ಮನಿಯಲ್ಲಿ ಇರೋನು. ಕಂಪನಿ ಬೆಂಗಳೂರಿನಿಂದ ಇಲ್ಲಿಗೆ ಕಳಿಸಿ ಹನ್ನೊಂದು ವರ್ಷ ಆಯ್ತು. ಪೋರ್ಷೆ ಕಾರ್ಖಾನೆ ಇರೋ ಝುಫೆನ್‌ಹೌಸನ್ ನಮ್ಮ ಮನೆಯಿಂದ ನಾಲ್ಕು ಸ್ಟಾಪ್ ದೂರ. 718 ಕೇಮನ್ ನಾಲ್ಕು ವರ್ಷ ಇಟ್ಟುಕೊಂಡಿದ್ದೆ.

ಫ್ರೀಮಾಂಟಿನವರು ಡಿಕ್ಕಿ ಮಾತು ತೆಗೆದದ್ದು ಒಳ್ಳೆಯದಾಯ್ತು. ಕೇಮನ್‌ಗೆ ಎರಡು ಡಿಕ್ಕಿ ಇದೆ. ಎಂಜಿನ್ ಸೀಟಿನ ಹಿಂದೆ, ನಡುವಿನಲ್ಲಿ ಕೂತಿರೋದರಿಂದ ಮುಂದೆ 150 ಲೀಟರ್, ಹಿಂದೆ 275 ಲೀಟರ್ ಜಾಗ. ನಾವಿಬ್ಬರೂ ಇಟಲಿಗೆ ಹತ್ತು ದಿನ ಹೋಗಿದ್ದೆವು. ಮುಂದಿನ ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್, ಹಿಂದೆ ಎರಡು ಬ್ಯಾಗು, ಮೇಲೆ ಅಕ್ಕಿ, ಪ್ರೆಶರ್ ಕುಕ್ಕರ್. ಎಲ್ಲ ಹಿಡಿಸಿತು. ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಅನುಕೂಲ ಇಲ್ಲ, ಕೂಪೆ ಅಂದ ತಕ್ಷಣ ಅನುಕೂಲ ಇದೆ ಅಂತ ಅಂದುಕೊಂಡು ಲೆಕ್ಕ ಶುರು ಮಾಡಬೇಡಿ. ಇಲ್ಲಿ ಅದು ತಿರುಗುಮುರುಗು.

ತೂಕ ನೋಡಿ. ಮ್ಯಾನುಯಲ್ ಕೇಮನ್ ಎಸ್ ಸುಮಾರು 1,355 ಕೆಜಿ. ಎಲ್‌ಸಿ 500 ಸುಮಾರು 1,940 ಕೆಜಿ. 580 ಕೆಜಿ ಮೇಲೆ ವ್ಯತ್ಯಾಸ. ಹಳೆಯ ಮಾರುತಿ 800 ಕಾರೇ 650 ಕೆಜಿ ಆಸುಪಾಸು ಇತ್ತು. ಘಾಟಿ ರಸ್ತೆಯಲ್ಲಿ ಪ್ರತಿ ತಿರುವಿಗೂ ಆ ಭಾರವನ್ನು ಬ್ರೇಕು ಹಿಡಿದು ನಿಲ್ಲಿಸಬೇಕು, ಟೈರು ಎಳೆದು ತಿರುಗಿಸಬೇಕು.

ಶಬ್ದದ ಬಗ್ಗೆ ಮಾತ್ರ ಒಪ್ಪಿಕೊಳ್ಳುತ್ತೇನೆ. ಕೇಮನ್ ಎಸ್‌ದು ನಾಲ್ಕು ಸಿಲಿಂಡರಿನ ಟರ್ಬೋ, 2.5 ಲೀಟರ್, 350 ಕುದುರೆ. ಹಿಂದಿನ ಮಾಡೆಲ್‌ನ ಆರು ಸಿಲಿಂಡರಿನ ಸ್ವರ ಇದಕ್ಕಿಲ್ಲ. 718 ಅನ್ನೋ ಹೆಸರು 1957ರ ಒಂದು ರೇಸ್ ಕಾರಿಂದು. ಅದೂ ನಾಲ್ಕು ಸಿಲಿಂಡರೇ, 1959, 1960 ಎರಡು ವರ್ಷವೂ ಇಟಲಿಯ ಟಾರ್ಗಾ ಫ್ಲೋರಿಯೋ ರೇಸ್ ಗೆದ್ದಿತ್ತು. ಹೆಸರಿನ ಹಿಂದಿನ ಕಥೆ ಚೆನ್ನಾಗಿದೆ, ಆದರೂ ಕಿವಿಗೆ ಬೇಕಾದ್ದು ಸಿಗಲ್ಲ.

ಎರಡನೇ_ಗೇರು · ಶನಿವಾರ ಬೆಳಗ್ಗೆ 10:30

ಅಣ್ಣ, ಹೋದ ತಿಂಗಳು ಎಷ್ಟು ದಿನ, ಎಲ್ಲೆಲ್ಲಿಗೆ, ಯಾರ ಜೊತೆ ಓಡಿಸಿದಿರಿ? ಅದನ್ನು ಬರೆಯಿರಿ. ಉಳಿದದ್ದು ಆಮೇಲೆ.

ಮೂಡಿಗೆರೆ_ಜೀಪು · ಶನಿವಾರ ಮಧ್ಯಾಹ್ನ 1:20

ಫೋನಿನಲ್ಲಿ ಇರೋ ದಾಖಲೆ ನೋಡಿಕೊಂಡು ಬರೆಯುತ್ತಿದ್ದೇನೆ. ಆಫೀಸಿಗೆ ವಾರಕ್ಕೆ ಮೂರು ದಿನ, ಅದಕ್ಕೆ ಕಂಪನಿ ಬಸ್ಸು. ಅಂಗಡಿಗೆ, ಲಿವರ್‌ಮೋರ್ ದೇವಸ್ಥಾನಕ್ಕೆ, ಏರ್‌ಪೋರ್ಟಿಗೆ ಎಸ್‌ಯುವಿ. ನಾಲ್ಕು ಭಾನುವಾರದಲ್ಲಿ ಮೂರು ಸಲ ಬೆಳಗ್ಗೆ ಆರಕ್ಕೆ ಹೈವೇ 9, ಸ್ಕೈಲೈನ್, 84 ಇಳಿದು ವುಡ್‌ಸೈಡ್, 280ರಲ್ಲಿ ಮನೆಗೆ. ಒಬ್ಬನೇ. ಶುಕ್ರವಾರ ಸಂಜೆ ಎರಡು ಸಲ ನಾವಿಬ್ಬರೂ ಊಟಕ್ಕೆ. ಒಂದು ಸಲ ಮಾಂಟೆರೆಗೆ.

ಬರೆದ ಮೇಲೆ ನನಗೇ ಆಶ್ಚರ್ಯ ಆಯ್ತು. ಟ್ರಾಫಿಕ್‌ನಲ್ಲಿ ಆರಾಮ ಬೇಕು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈ ಎರಡನೇ ಕಾರು ಟ್ರಾಫಿಕ್ ನೋಡೋದೇ ಕಡಿಮೆ.

ಸೊಂಟ_ಮಂಡಿ_ಭುಜ · ಶನಿವಾರ ಸಂಜೆ 6:05

ನಾನು ಸ್ಯಾನ್ ಹೋಸೆಯಲ್ಲಿ ಫಿಸಿಯೋಥೆರಪಿಸ್ಟ್. ಕಾರಿನ ವಿಷಯ ನನಗೆ ಅಷ್ಟಕ್ಕಷ್ಟೇ. ನಿಮ್ಮ ಸೊಂಟ, ಅಮ್ಮನ ಮಂಡಿ ಬಗ್ಗೆ ಹೇಳುತ್ತೇನೆ.

ಮೆತ್ತಗಿನ ಸೀಟೆಲ್ಲ ಸೊಂಟಕ್ಕೆ ಒಳ್ಳೆಯದಲ್ಲ. ಹತ್ತು ನಿಮಿಷ ಕೂತಾಗ ಯಾವ ಸೀಟಾದರೂ ಚೆನ್ನಾಗಿಯೇ ಇರುತ್ತದೆ. ಕನಿಷ್ಠ 40 ನಿಮಿಷ ಕೂತು ಓಡಿಸಿ. ಆಮೇಲೆ ಇಳಿದು ನೆಟ್ಟಗೆ ನಿಲ್ಲಲು ಎಷ್ಟು ಹೊತ್ತು ಬೇಕಾಯ್ತು ಅಂತ ನೋಡಿಕೊಳ್ಳಿ. ಕ್ಲಚ್ ಇರೋ ಕಾರಾದರೆ ಎಡಗಾಲು ಪೂರ್ತಿ ಒತ್ತಿದಾಗ ಸೊಂಟ ಸೀಟು ಬಿಟ್ಟು ಮುಂದೆ ಜಾರಬಾರದು. ಜಾರಿದರೆ ಸೀಟನ್ನು ಇನ್ನೂ ಹತ್ತಿರ ಎಳೆದುಕೊಳ್ಳಬೇಕು.

ಅಮ್ಮನ ವಿಷಯ ನೇರವಾಗಿ ಹೇಳುತ್ತೇನೆ. ಎರಡು ಕಾರೂ ಅವರಿಗೆ ಆಗಲ್ಲ. ಕುಂಡೆ ಮಂಡಿಗಿಂತ ಕೆಳಗೆ ಹೋಗುವಷ್ಟು ತಗ್ಗಿನ ಸೀಟಿನಿಂದ ಏಳುವಾಗ ಆಪರೇಷನ್ ಆದ ಮಂಡಿಯ ಮೇಲೆ ಎಲ್ಲ ಭಾರ ಬೀಳುತ್ತದೆ. ಯಾವಾಗಲಾದರೂ ಒಂದು ಸಲ ಕೂರಿಸಲೇಬೇಕು ಅಂದರೆ, ಸೀಟು ಪೂರ್ತಿ ಹಿಂದಕ್ಕೆ ತಳ್ಳಿ. ಅವರು ಬೆನ್ನು ಕೊಟ್ಟು ಮೊದಲು ಅಡ್ಡಕ್ಕೆ ಕೂರಲಿ, ಆಮೇಲೆ ಎರಡು ಕಾಲೂ ಒಟ್ಟಿಗೆ ಒಳಗೆ ತಿರುಗಿಸಲಿ. ಸೀಟಿನ ಮೇಲೆ ಒಂದು ಜಾರೋ ಬಟ್ಟೆ ಹಾಸಿದರೆ ತಿರುಗೋದು ಸುಲಭ, ಕೂತಾದ ಮೇಲೆ ಅದನ್ನು ತೆಗೆದುಬಿಡಿ. ಬಾಗಿಲನ್ನು ಹಿಡಿದು ಏಳಬಾರದು, ಅದು ಅಲ್ಲಾಡುತ್ತದೆ. ನಿಮ್ಮ ಕೈ ಹಿಡಿದು ಏಳಲಿ. ಅಮ್ಮನಿಗೋಸ್ಕರ ಲೆಕ್ಸಸ್ ಅಂತ ಮಾತ್ರ ತೀರ್ಮಾನ ಮಾಡಬೇಡಿ. ಅಮ್ಮನಿಗೆ ಎಸ್‌ಯುವಿ ಇದೆಯಲ್ಲ.

ಜಯನಗರ_4ನೇ_ಬ್ಲಾಕ್ · ಭಾನುವಾರ ಬೆಳಗ್ಗೆ 8:50

ಬೆಂಗಳೂರಿಂದ ಓದುತ್ತಿದ್ದೇನೆ. ಇಲ್ಲಿಗೆ ಎಲ್‌ಸಿ 2020ರಲ್ಲಿ ಬಂತು, ಅದೂ ಹೈಬ್ರಿಡ್ ಮಾತ್ರ. ಎಂಟು ಸಿಲಿಂಡರಿಂದು ಬರಲೇ ಇಲ್ಲ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆಯೇ 18 ಪರ್ಸೆಂಟ್, ಅದರ ಮೇಲೆ ಸೆಸ್. ಇವೆಲ್ಲ ಕೊಟ್ಟು ತಂದರೂ ನಮ್ಮ ಬೀದಿಯ ಹಂಪ್ ದಾಟಿಸೋದೇ ಕಷ್ಟ. ನಿಮಗೆ ಬೆಳಗ್ಗೆ ಆರಕ್ಕೆ ಖಾಲಿ ಘಾಟಿ ರಸ್ತೆ ಇದೆ ಸರ್. ಅದಕ್ಕೆ ಯಾವ ಕಾರು ಸರಿಯೋ ಅದನ್ನೇ ತಗೊಳ್ಳಿ.

ಫ್ರೀಮಾಂಟ್_ಮಂಡ್ಯ · ಭಾನುವಾರ ಬೆಳಗ್ಗೆ 9:30

ಒಂದು ಮಾತು ಸೇರಿಸುತ್ತೇನೆ. ಲೆಕ್ಸಸ್ ಅಂದರೆ ಬರೀ ಸೋಫಾ ಅನ್ನೋ ಹಾಗೆ ಮಾತು ಹೋಗುತ್ತಿದೆ. ಹಾಗಲ್ಲ. ನಾನು ಮೌಂಟ್ ಹ್ಯಾಮಿಲ್ಟನ್ ರಸ್ತೆಗೆ ತಿಂಗಳಿಗೊಂದು ಸಲ ಹೋಗುತ್ತೇನೆ. ಲಿಕ್ ವೀಕ್ಷಣಾಲಯ ಕಟ್ಟುವಾಗ ಕುದುರೆ ಗಾಡಿಯಲ್ಲಿ ಸಾಮಾನು ಏರಿಸಬೇಕು ಅಂತ 1876ರಲ್ಲಿ ಮಾಡಿದ ರಸ್ತೆ ಅದು. ಕುದುರೆಗೆ ಏರು ಜಾಸ್ತಿ ಆಗಬಾರದು ಅಂತ ಬೆಟ್ಟವನ್ನು ಸುತ್ತಿ ಸುತ್ತಿ ಒಯ್ದಿದ್ದಾರೆ, ಅದಕ್ಕೇ ಅಷ್ಟು ತಿರುವು. ಅಲ್ಲಿ ಎಲ್‌ಸಿ ಹದವಾಗಿ ಹೋಗುತ್ತದೆ. ಅವಸರ ಮಾಡಿದರೆ ಮಾತ್ರ ಭಾರ ಗೊತ್ತಾಗುತ್ತದೆ. ಮೇಲೆ ಹೋಗಿ ನಿಂತಾಗ ನನಗೆ ಆಯಾಸ ಇರಲ್ಲ. 47ರಲ್ಲಿ ಅದಕ್ಕೂ ಬೆಲೆ ಇದೆ.

ಗ್ಯಾರೇಜ್_ಅಕ್ಕ · ಭಾನುವಾರ ಮಧ್ಯಾಹ್ನ 12:15

ಯಾವುದಾದರೂ ತಗೊಳ್ಳಿ ತಮ್ಮ, ತಪಾಸಣೆ ಮಾಡಿಸದೆ ತಗೋಬೇಡಿ. ಹತ್ತು ವರ್ಷದ ಹಿಂದೆ ನಾನು ಒಂದು ಹಳೆಯ ಮ್ಯಾನುಯಲ್ ಕೇಮನ್ ತಗೊಂಡೆ. ಮಾರಿದವರು ನಗುನಗುತ್ತಾ ಮಾತಾಡಿದರು, ಕಾರು ಕನ್ನಡಿ ಹಾಗೆ ಹೊಳೀತಿತ್ತು. ಸುಮ್ನೆ ನಂಬಿದೆ. ಐದನೇ ತಿಂಗಳು ಎಂಜಿನ್ ಬಿಚ್ಚಬೇಕಾಯ್ತು. ಆ ದುಡ್ಡಿನಲ್ಲಿ ಒಂದು ವರ್ಷದ ಮನೆ ಬಾಡಿಗೆ ಕಟ್ಟಬಹುದಿತ್ತು. ಆಮೇಲೆ ಹಟ ಹಿಡಿದು ಕಲಿತೆ, ಈಗ ನನ್ನ ಕಾರಿನ ಕೆಲಸ ನಾನೇ ಮಾಡುತ್ತೇನೆ.

ಕೇಮನ್‌ಗೆ ಮುಖ್ಯವಾದದ್ದು ಓವರ್‌ರೆವ್ ರಿಪೋರ್ಟ್. ಮ್ಯಾನುಯಲ್‌ನಲ್ಲಿ ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಬಿದ್ದರೆ ಚಕ್ರವೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿಬಿಡುತ್ತದೆ. ಎಷ್ಟು ಸಲ ಹಾಗಾಗಿದೆ, ಎಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ಆಗಿದೆ ಅಂತ ಕಾರಿನ ಕಂಪ್ಯೂಟರಿನಲ್ಲಿ ಆರು ಹಂತವಾಗಿ ಬರೆದಿರುತ್ತದೆ. ಮೇಲಿನ ಹಂತಗಳಲ್ಲಿ, ಅದೂ ಇತ್ತೀಚೆಗೆ, ಲೆಕ್ಕ ಕಂಡರೆ ಬಿಟ್ಟು ಬನ್ನಿ. ಎಷ್ಟೇ ಕಡಿಮೆ ಬೆಲೆ ಹೇಳಿದರೂ ಬಿಟ್ಟು ಬನ್ನಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರು ಸವೆದಿಲ್ಲ ಅಂತ ನೋಡಿ ಮೋಸ ಹೋಗಬೇಡಿ, ಹಳೆಯದಾದರೆ ರಬ್ಬರ್ ಒಣಗಿರುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ ರಸೀದಿ ಕೇಳಿ. ನಾಲ್ಕು ವರ್ಷಕ್ಕಿಂತ ಹಳೆಯ ಕಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆ ಮಾಡಿಸಿ ಕೊಡುವುದು ಮಾರುವವರ ಕೆಲಸ, ನೀವು ಹೊತ್ತುಕೊಳ್ಳಬೇಡಿ.

ಬೆಲೆ ಕಡಿಮೆ ಅಂತ ಇನ್ನೂ ಹಳೆಯ ಕೇಮನ್ ಕಡೆ ಮನಸ್ಸು ಹೋದರೆ, 2009ಕ್ಕಿಂತ ಹಿಂದಿನದರಲ್ಲಿ ಎಂಜಿನ್ ಒಳಗಿನ ಐಎಂಎಸ್ ಅನ್ನೋ ಬೇರಿಂಗ್ ತೊಂದರೆ ಇದೆ. 2009ರಲ್ಲಿ ಎಂಜಿನ್ ಬದಲಾದಾಗ ಆ ಬೇರಿಂಗೇ ಹೋಯ್ತು. ನಿಮ್ಮ 2018ಕ್ಕೆ ಆ ಚಿಂತೆ ಇಲ್ಲ.

ಎಲ್‌ಸಿಗೆ ಇಷ್ಟೆಲ್ಲ ಹೇಳಬೇಕಿಲ್ಲ. ಅದು ಆಟೋಮ್ಯಾಟಿಕ್, ತಪ್ಪು ಗೇರು ಹಾಕಲು ಬಿಡೋದೇ ಇಲ್ಲ.

ಎರಡನೇ_ಗೇರು · ಭಾನುವಾರ ಮಧ್ಯಾಹ್ನ 12:40

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು. ಪೆಟ್ರೋಲ್ 718 ತಯಾರಿಕೆ 2025ರ ಅಕ್ಟೋಬರಿಗೆ ನಿಂತಿದೆ. ಒಳ್ಳೆಯ ಮ್ಯಾನುಯಲ್ ಇನ್ನು ಜಾಸ್ತಿ ಸಿಗಲ್ಲ.

ಮೂಡಿಗೆರೆ_ಜೀಪು · ಮುಂದಿನ ಸೋಮವಾರ ರಾತ್ರಿ 9:45

ಎರಡನ್ನೂ ಒಂದೊಂದು ದಿನ ಬಾಡಿಗೆಗೆ ತಂದು ಓಡಿಸಿದೆವು. ಶನಿವಾರ ಎಲ್‌ಸಿ, ಭಾನುವಾರ ಮ್ಯಾನುಯಲ್ ಕೇಮನ್. ಒಂದೇ ದಾರಿ, ಒಂದೇ ಹೊತ್ತು.

ಎಲ್‌ಸಿ ಬಾಗಿಲು ಹಾಕಿದ ತಕ್ಷಣ ಹೊರಗಿನ ಪ್ರಪಂಚ ಹೊರಗೇ ಉಳಿಯಿತು. 280ರಲ್ಲಿ ನಾವಿಬ್ಬರೂ ಮೆಲ್ಲಗೆ ಮಾತಾಡಿಕೊಂಡೇ ಹೋದೆವು. ಎರಡು ಗಂಟೆ ಓಡಿಸಿ ಇಳಿದಾಗ ಸೊಂಟದಲ್ಲಿ ಏನೂ ಇರಲಿಲ್ಲ. 84ರಲ್ಲಿ ಕೆಂಪುಮರಗಳ ನಡುವೆ ಕಿಟಕಿ ಇಳಿಸಿ, ಗೇರು ಮೂರಕ್ಕೆ ತಂದು ಒಂದು ಸಲ ಪೂರ್ತಿ ಒತ್ತಿದೆ. ಆ ಸ್ವರ ಇನ್ನೂ ಕಿವಿಯಲ್ಲಿದೆ. ಅಂಥ ಎಂಜಿನ್ ಅಪರೂಪ ಆಗುತ್ತಿದೆ ಅನ್ನೋದು ನೆನೆದರೆ ಸಂಕಟ ಆಗುತ್ತದೆ.

ಹೈವೇ 9ರಲ್ಲಿ ಮಾತ್ರ ಬೇರೆ ಅನುಭವ. ಕಾರು 1,920 ಮಿಲಿಮೀಟರ್ ಅಗಲ. ಬಲಗಡೆ ಬಂಡೆ, ಎಡಗಡೆ ಹಳದಿ ಗೆರೆ, ಎದುರಿಗೆ ಸೈಕಲ್‌ನವರು. ನನ್ನ ಗಮನವೆಲ್ಲ ಗೆರೆಯೊಳಗೆ ಇಟ್ಟುಕೊಳ್ಳೋದರಲ್ಲೇ ಹೋಯ್ತು. ಕೇಮನ್ ಇದಕ್ಕಿಂತ 12 ಸೆಂಟಿಮೀಟರ್ ಕಿರಿದು. ಓದುವಾಗ ಏನು ಮಹಾ ಅನಿಸಿತ್ತು. ಭಾನುವಾರ ಅದೇ ತಿರುವುಗಳಲ್ಲಿ ರಸ್ತೆಯೇ ಅಗಲ ಆದ ಹಾಗಿತ್ತು.

ಕೇಮನ್ ಸೀಟು ಗಟ್ಟಿ. ಒಂದೂವರೆ ಗಂಟೆ ಆದ ಮೇಲೆ ಸೊಂಟ ಸ್ವಲ್ಪ ಹಿಡೀತು, ನೆಟ್ಟಗಾಗಲು ಒಂದು ನಿಮಿಷ ಬೇಕಾಯ್ತು. ಕಾಂಕ್ರೀಟ್ ಹೈವೇ ಮೇಲೆ ಟೈರಿನ ಸದ್ದು ಜೋರು, ದನಿ ಎತ್ತಿ ಮಾತಾಡಬೇಕು. ಎರಡು ಸಾವಿರ ಆರ್‌ಪಿಎಂ ಕೆಳಗೆ ಎಂಜಿನ್ ಸ್ವಲ್ಪ ಮಂಕು. ಗೇರುಗಳು ಉದ್ದ, ಎರಡನೇ ಗೇರಿನಲ್ಲೇ ಹೈವೇ ಮಿತಿ ದಾಟಿಬಿಡಬಹುದು. ಇಷ್ಟು ಕೊರತೆ ಇಟ್ಟುಕೊಂಡೂ, ತಿರುವಿನ ಮುಂಚೆ ಗೇರು ಇಳಿಸಿ ಒಳಗೆ ಹಾಕಿದರೆ ಕಾರು ನಾನು ನೋಡಿದ ಕಡೆಗೆ ಹೋಗುತ್ತದೆ. ಮೂತಿ ಮೊದಲು, ಹಿಂಭಾಗ ಆಮೇಲೆ ಅಂತ ಎರಡು ಕಂತಿನಲ್ಲಿ ತಿರುಗೋದಿಲ್ಲ. ಇಡೀ ಕಾರು ನನ್ನ ಬೆನ್ನಿನ ಸುತ್ತ ತಿರುಗುತ್ತದೆ.

ನಾನು ಬರೆಯಲೇಬೇಕಾದದ್ದು ಇನ್ನೊಂದಿದೆ. ಸ್ಕೈಲೈನ್‌ನಲ್ಲಿ ನಿಲ್ಲಿಸಿದಾಗ ಹೆಂಡತಿ, ‘ಕೀ ಕೊಡಿ, ನಾನೂ ನೋಡ್ತೀನಿ’ ಅಂದಳು. ಅವಳು ಕಾರು ಕಲಿತದ್ದು ಮೈಸೂರಿನ ಸರಸ್ವತಿಪುರಂನಲ್ಲಿ, ಅವರಪ್ಪನ ಮಾರುತಿ 800ರಲ್ಲಿ. ಗೇರು ಮುಟ್ಟಿ ಹತ್ತೊಂಬತ್ತು ವರ್ಷ ಆಗಿತ್ತು. ಪಾರ್ಕಿಂಗ್ ಜಾಗದಲ್ಲಿ ಎರಡು ಸಲ ಆಫ್ ಆಯ್ತು. ಮೂರನೇ ಸಲ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಎಡಗಾಲಿಗೆ ಸಿಕ್ಕಿತು, ಅವಳ ಭುಜ ಸಡಿಲ ಆಯ್ತು. 84 ಇಳಿಯುವಾಗ ನಾಲ್ಕನೇ ತಿರುವಿನ ಹೊತ್ತಿಗೆ ಮಾತು ನಿಲ್ಲಿಸಿದಳು. ಬಲಗೈ ಗೇರಿನ ಮೇಲೆ, ಕಣ್ಣು ದೂರದಲ್ಲಿ. ವುಡ್‌ಸೈಡ್ ತಲುಪಿದಾಗ, ‘ನಿನ್ನೆ ಕಾರಲ್ಲಿ ನಾನು ಪಕ್ಕದಲ್ಲಿ ಕೂರೋದು, ಇದರಲ್ಲಿ ನಾನು ಓಡಿಸೋದು’ ಅಂದಳು.

ಅವಳಿಗೆ ಬೇಜಾರಾಗುತ್ತದೆ ಅಂತ ನಾನೇ ಅಂದುಕೊಂಡು, ಅವಳನ್ನು ಕೇಳದೆ ಇಲ್ಲಿ ಬರೆದಿದ್ದೆ. ಅದು ನನ್ನ ತಪ್ಪು.

ಸ್ಟುಟ್‌ಗಾರ್ಟ್_ಬಸವನಗುಡಿ · ಮಂಗಳವಾರ ಬೆಳಗ್ಗೆ 6:10

ಓದಿ ತುಂಬಾ ಖುಷಿಯಾಯ್ತು. ಅವರಿಗೆ ನನ್ನ ನಮಸ್ಕಾರ ಹೇಳಿ. ಪಿಎಎಸ್‌ಎಂ ಇರೋ ಕಾರು ಹುಡುಕಿ, ಅಂದರೆ ಬಟನ್ ಒತ್ತಿ ಸಸ್ಪೆನ್ಷನ್ ಗಟ್ಟಿ ಇಲ್ಲವೇ ಮೆತ್ತಗೆ ಮಾಡಿಕೊಳ್ಳೋದು. ನಿಮ್ಮ ಸೊಂಟಕ್ಕೆ ಅದು ಬೇಕೇ ಬೇಕು.

ಫ್ರೀಮಾಂಟ್_ಮಂಡ್ಯ · ಮಂಗಳವಾರ ಬೆಳಗ್ಗೆ 8:00

ನಾನೂ ಒಪ್ಪಿದೆ ಸರ್. ದಿನಾ ಆಫೀಸಿಗೆ ಕಾರಲ್ಲೇ ಹೋಗುವವರಾಗಿದ್ದರೆ ಬಿಡುತ್ತಿರಲಿಲ್ಲ, ವಾದ ಮಾಡುತ್ತಿದ್ದೆ. ಎಂಟು ಸಿಲಿಂಡರಿನ ಸ್ವರ ಕೇಳಬೇಕು ಅನಿಸಿದ ದಿನ ಫ್ರೀಮಾಂಟಿಗೆ ಬನ್ನಿ, ಕೀ ಕೊಡುತ್ತೇನೆ.

ಮೂಡಿಗೆರೆ_ಜೀಪು · ಮೂರು ವಾರ ಬಿಟ್ಟು, ಶುಕ್ರವಾರ ಸಂಜೆ 7:25

ಕೇಮನ್ ಎಸ್ ಮನೆಗೆ ಬಂತು. ಮೊದಲು ನೋಡಿದ ಕಾರನ್ನು ಬಿಟ್ಟೆವು. ಓವರ್‌ರೆವ್ ರಿಪೋರ್ಟಿನಲ್ಲಿ ಐದನೇ ಹಂತದಲ್ಲಿ ಲೆಕ್ಕ ಇತ್ತು, ಅದೂ ಕಳೆದ ಐವತ್ತು ಗಂಟೆಯೊಳಗೆ. ಗ್ಯಾರೇಜ್ ಅಕ್ಕನಿಗೆ ಋಣಿ. ಎರಡನೆಯದು ಸ್ಯಾಕ್ರಮೆಂಟೋದಲ್ಲಿ ಸಿಕ್ಕಿತು. 41 ಸಾವಿರ ಮೈಲಿ, ಕಡುನೀಲಿ, ಪಿಎಎಸ್‌ಎಂ ಇದೆ. ಮೇಲಿನ ಹಂತಗಳೆಲ್ಲ ಸೊನ್ನೆ. ಟೈರು ಮಾತ್ರ 2018ರವು, ಕಾರಿನ ಜೊತೆ ಬಂದವೇ. ಅದನ್ನು ತೋರಿಸಿ ಬೆಲೆಯಲ್ಲಿ 1,500 ಡಾಲರ್ ಇಳಿಸಿಕೊಂಡೆ, ಆ ದುಡ್ಡಿನಲ್ಲೇ ನಾಲ್ಕೂ ಹೊಸದು ಹಾಕಿಸುತ್ತೇನೆ. ಸೀಟನ್ನು ಎರಡು ಬೆರಳಿನಷ್ಟು ಹತ್ತಿರ ಎಳೆದುಕೊಂಡ ಮೇಲೆ ಸೊಂಟ ಮೊದಲಿನಷ್ಟು ಹಿಡಿಯುತ್ತಿಲ್ಲ.

ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ‘ಇಷ್ಟು ತಗ್ಗಿನದಕ್ಕೆ ನಾನು ಹತ್ತಲ್ಲಪ್ಪ, ದೇವಸ್ಥಾನಕ್ಕೆ ದೊಡ್ಡ ಕಾರೇ ತಗೊಂಡು ಬಾ’ ಅಂದರು.

ಸರಸ್ವತಿಪುರಂ_800 · ಶುಕ್ರವಾರ ರಾತ್ರಿ 10:05

ನಮಸ್ಕಾರ, ಮೂಡಿಗೆರೆಯವರ ಮನೆಯವಳು. ಇವತ್ತೇ ಸೇರಿಕೊಂಡೆ. ಭಾನುವಾರ ಅವರದ್ದು, ಶನಿವಾರ ನನ್ನದು ಅಂತ ಮಾತಾಗಿದೆ. ಹೊಸ ಟೈರು ಹಾಕಿದ ಮೇಲೆ ಎಷ್ಟು ಮೈಲಿ ನಿಧಾನವಾಗಿ ಓಡಿಸಬೇಕು? ಶನಿವಾರ ಬೆಳಗ್ಗೆ ಆರೂವರೆಗೆ ಸ್ಯಾರಟೋಗಾದಿಂದ ಹೊರಡುವ ಹೆಂಗಸರು ಯಾರಾದರೂ ಇದ್ದರೆ ತಿಳಿಸಿ, ಜೊತೆಗೆ ಹೋಗೋಣ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ.

ಗ್ಯಾರೇಜ್_ಅಕ್ಕ · ಶುಕ್ರವಾರ ರಾತ್ರಿ 10:20

ಮೊದಲ 200 ಮೈಲಿ ಹುಷಾರು, ಮಳೆ ಇದ್ದರೆ ಇನ್ನೂ ಹುಷಾರು. ಹೊಸ ರಬ್ಬರಿನ ಮೇಲೆ ಜಾರೋ ಪದರ ಇರುತ್ತದೆ, ಅದು ಸವೆಯಬೇಕು. ಶನಿವಾರ ನಾನು ಬರುತ್ತೇನೆ.